ಕಾಣುವ ಉಸಿರು

ವಾರ್ಸಾದಿಂದ ಸಮಿತಿಯವರು ಬರುವ ದಿನವೇ ಸ್ಟುಡಿಯೋದ ಬಾಯ್ಲರ್ ಕೈಕೊಟ್ಟಿತು.

ಇರ್ಮೀನಾ ಬೆಳಿಗ್ಗೆ ಎಡಿಟಿಂಗ್ ಕೋಣೆಯ ಬಾಗಿಲು ತೆಗೆದವಳೇ ರೂಢಿಯಂತೆ ಕಿಟಕಿಯ ಕೆಳಗೆ ಕೋಣೆ ಕಾಯಿಸಲು ಇದ್ದ ರೇಡಿಯೇಟರ್ ಮೇಲೆ ಅಂಗೈ ಇಟ್ಟಳು. ಕಬ್ಬಿಣ ಕೊರೆಯುತ್ತಿತ್ತು. ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು, ಹಾಗೆ ಹಿಡಿದುಕೊಂಡರೆ ಅದಕ್ಕೂ ಮನಸ್ಸು ಕರಗೀತೆಂಬಂತೆ. ಸೈನಿಕ ಆಡಳಿತ ಮುಗಿದು ಸೈನ್ಯ ಬೀದಿಯಿಂದ ಬ್ಯಾರಕ್ಕಿಗೆ ಮರಳಿದ ಮೇಲಿನ ಎರಡನೆಯ ಚಳಿಗಾಲ ಅದು. ವೂಚ್ ನಗರದ ಗಿರಣಿಗಳ ಹೊಗೆಕೊಳವೆಗಳಲ್ಲಿ ಅರ್ಧದಷ್ಟು ಸುಮ್ಮನೆ ನಿಂತಿದ್ದವು. ಕಲ್ಲಿದ್ದಲು ರೈಲು ತುಂಬಿ ಗಡಿಯಾಚೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವಳು ಬಿಳಿ ಹತ್ತಿಯ ಕೈಗವಸು ತೊಟ್ಟು ರೀಲುಗಳನ್ನು ಡಬ್ಬಿಗಳಿಗೆ ತುಂಬಿಸಿದಳು. ಹತ್ತಾರು ವರ್ಷಗಳಿಂದ ಇದೇ ಕೆಲಸ. ಇನ್ನೊಬ್ಬರು ತೆಗೆದದ್ದನ್ನು ಕತ್ತರಿಸುವುದು, ಅಂಟಿಸುವುದು, ಅಂಟಿಸಿದ್ದು ಗೊತ್ತಾಗದಂತೆ ಮಾಡುವುದು. ಒಳ್ಳೆಯ ಎಡಿಟರ್ ಅಂದರೆ ಸಿನಿಮಾ ನೋಡಿ ಹೊರಗೆ ಬಂದವರಿಗೆ ಅವಳಿದ್ದಳೆಂದೇ ಹೊಳೆಯಬಾರದು. ಈ ಮಾತು ಅವಳ ಮದುವೆಗೂ ಹೊಂದುತ್ತಿತ್ತು. ಗಂಡ ಹ್ಯಾಂಬರ್ಗಿಗೆ ಹೋದವನು ಹಿಂದಿರುಗದೆ ಇದ್ದಾಗ, ಅವನಿಗೊಬ್ಬಳು ಹೆಂಡತಿ ಇದ್ದಳೆಂದು ಎಷ್ಟೋ ಜನರಿಗೆ ಆಗಲೇ ತಿಳಿದದ್ದು.

ಇವತ್ತು ಸಮಿತಿ ನೋಡಬೇಕಾಗಿದ್ದ ಚಿತ್ರ ‘ಘೋಷಿತ ಬೇಸಿಗೆ’. ಅವಳ ಗೆಳತಿ ಒತೀಲಿಯಾ ಬರೆದ ಕಾದಂಬರಿಯಿಂದ ಮಾಡಿದ್ದು.

ಎರಡು ಸೂರ್ಯರಿರುವ ಯಾವುದೋ ಗ್ರಹದ ಮೇಲೆ ಒಂದು ನಗರ. ಅಲ್ಲಿ ಹವಾಮಾನವನ್ನು ಆಕಾಶ ತೀರ್ಮಾನಿಸುವುದಿಲ್ಲ, ಇಲಾಖೆ ತೀರ್ಮಾನಿಸುತ್ತದೆ. ಬೇಸಿಗೆ ಎಂದು ಘೋಷಣೆಯಾದರೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಜನ ಹತ್ತಿಬಟ್ಟೆ ತೊಟ್ಟು, ಬರಿದೋಳಲ್ಲಿ, ಐಸ್‌ಕ್ರೀಮಿನ ಸಾಲಿನಲ್ಲಿ ನಿಲ್ಲಬೇಕು. ಒಬ್ಬ ಹೊಲಿಗೆಯ ಹೆಂಗಸು ಮಗಳ ಬೇಸಿಗೆ ಲಂಗದ ಒಳಗೆ ಯಾರಿಗೂ ಕಾಣದಂತೆ ಉಣ್ಣೆಯ ಅಸ್ತರು ಕೊಡುತ್ತಾಳೆ. ಆಮೇಲೆ ಪಕ್ಕದ ಮನೆಯ ಮಗುವಿಗೆ. ಆಮೇಲೆ ಇಡೀ ಬೀದಿಗೆ. ಅಷ್ಟೇ ಕಥೆ. ಪುಸ್ತಕದುದ್ದಕ್ಕೂ ‘ಚಳಿ’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಬರೆಯುವಾಗ ಒತೀಲಿಯಾ ಆ ಮಾತನ್ನು ಬಾಯಿಂದಲೂ ಬಿಟ್ಟಿದ್ದಳು, ಬರೆದು ಮುಗಿದ ಮೇಲೂ ಅದು ನಾಲಿಗೆಗೆ ಮರಳಲಿಲ್ಲ. ಮೂಗಿನ ತುದಿ ಕೆಂಪಾಗಿ ಹಲ್ಲು ಕಟಕಟಿಸುತ್ತಿದ್ದರೂ “ಇವತ್ತು ಗಾಳಿ ಸ್ವಲ್ಪ ಜಾಸ್ತಿ” ಎನ್ನುವಳು. ಶಾಲೆಯಲ್ಲಿ ಭೂಗೋಳ ಕಲಿಸುವವಳು! ಇರ್ಮೀನಾ ಎಷ್ಟು ಛೇಡಿಸಿದರೂ ಜಗ್ಗುತ್ತಿರಲಿಲ್ಲ.

ಪ್ರಕಾಶನದವರು ಮುಖಪುಟಕ್ಕೆ ರಾಕೆಟ್ಟಿನ ಚಿತ್ರ ಹಾಕಿದ್ದರು. ಪುಸ್ತಕದೊಳಗೆ ಎಲ್ಲೂ ರಾಕೆಟ್ ಇರಲಿಲ್ಲ. ಆದರೆ ಪರಿಶೀಲನೆಯ ಕಚೇರಿಯಲ್ಲಿದ್ದವರು ಆ ರಾಕೆಟ್ಟನ್ನು ನೋಡಿ, ಮಕ್ಕಳ ಪುಸ್ತಕವೆಂದು ತಿಳಿದು ಮುದ್ರೆ ಒತ್ತಿ ಕಳಿಸಿದರು. ಒಂದೇ ತಿಂಗಳಲ್ಲಿ ಅಂಗಡಿಗಳಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ. ಇರ್ಮೀನಾ ಅದನ್ನು ಮೊದಲ ಸಲ ಓದಿದ್ದು ಒಂದು ಭಾನುವಾರ, ಸೋಫಾದ ಮೇಲೆ ಕಾಲು ಮಡಚಿಕೊಂಡು. ಮನೆ ಬೆಚ್ಚಗಿತ್ತು. ಪುಟ ತಿರುಗಿಸುತ್ತಾ ತಿರುಗಿಸುತ್ತಾ ಅವಳಿಗೇ ಗೊತ್ತಿಲ್ಲದೆ ಎದ್ದುಹೋಗಿ ಶಾಲು ತಂದು ಹೊದ್ದುಕೊಂಡಿದ್ದಳು. ಮುಗಿಸಿದ ಮೇಲೆ ಆ ಶಾಲನ್ನು ನೋಡಿ ಬೆರಗಾಗಿ ಕೂತಿದ್ದಳು. ಬರೀ ಅಕ್ಷರ! ಇಪ್ಪತ್ತು ವರ್ಷಗಳಿಂದ ತನ್ನ ಅಡುಗೆಮನೆಯಲ್ಲಿ ಕೂತು ಕಡಲೆಬೀಜ ತಿನ್ನುತ್ತಾ ಶಾಲೆಯ ಹೆಡ್‌ಮಾಸ್ಟರನ್ನು ಬೈಯುವ ಈ ಕುಳ್ಳಿ, ಬರೀ ಅಕ್ಷರದಲ್ಲಿ ತನ್ನನ್ನು ಎಬ್ಬಿಸಿ ಬೀರುವಿನ ತನಕ ನಡೆಸಿದ್ದಳು.

ಸೆವೆರಿನ್ ಎಂಬ ಎಳೆಯ ನಿರ್ದೇಶಕ ಆ ಪುಸ್ತಕವನ್ನು ಸಿನಿಮಾ ಮಾಡುತ್ತೇನೆಂದು ಬಂದಾಗ ನಡುವೆ ಮಾತಾಡಬೇಕಾದವಳು ಇರ್ಮೀನಾಳೇ.

“ಕೊಡಲ್ಲ” ಅಂದಿದ್ದಳು ಒತೀಲಿಯಾ, ಕೆಟಲನ್ನು ಒಲೆಯ ಮೇಲೆ ಕುಕ್ಕಿ.

“ಕೇಳೋಕ್ ಮುಂಚೇನೇ?”

“ಸರಿ, ನಾನೊಂದು ಕೇಳ್ತೀನಿ. ನನ್ನ ಪುಸ್ತಕದಲ್ಲಿ ಇಲಾಖೆ ಕಟ್ಟಡ ಹೇಗಿದೆ ಹೇಳು ನೋಡೋಣ.”

ಇರ್ಮೀನಾ ಕಣ್ಣು ಮುಚ್ಚಿಕೊಂಡಳು. “ಉದ್ದಕ್ಕೆ ಕಾರಿಡಾರು. ಕೆಳಗೆ ಕಂದು ಲಿನೋಲಿಯಂ, ಅಲ್ಲಲ್ಲಿ ಹರಿದಿರೋದು. ಕೊನೇಲಿ ಕುಂಡದಲ್ಲೊಂದು ಒಣಗಿದ ಗಿಡ.”

“ನೋಡ್ದ್ಯಾ? ಇದ್ರಲ್ಲಿ ಒಂದಕ್ಷರಾನೂ ನಾನು ಬರೆದಿಲ್ಲ. ಅದು ನೀನು ಪಾಸ್‌ಪೋರ್ಟಿಗೆ ಅಲೆದ ಆಫೀಸು. ಮೇಲಿನ ಮನೆಯಾಕೆ ಓದಿದ್ರೆ ಅದು ಅವಳ ಮಗನ್ನ ಕೂಡಿಹಾಕಿದ್ದ ಸ್ಟೇಷನ್ನು. ಒಬ್ಬೊಬ್ಬರಿಗೂ ಅವರವರದೇ ಕಟ್ಟಡ. ನಿಮ್ಮ ಹುಡುಗ ಏನ್ಮಾಡ್ತಾನೆ? ಒಂದು ಕಟ್ಟಡ ತೋರಿಸ್ತಾನೆ. ಆಮೇಲೆ ಅದೊಂದೇ ಕಟ್ಟಡ ತಪ್ಪು ಮಾಡಿದ್ದು. ಮಿಕ್ಕಿದ್ದಕ್ಕೆಲ್ಲಾ ಖುಲಾಸೆ!”

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದರಿಂದಲೇ ಇರ್ಮೀನಾಳಿಗೆ ರೇಗಿತು.

“ನಿನ್ನ ಪುಸ್ತಕಾನ ಒಬ್ಬೊಬ್ರೇ ಓದ್ತಾರೆ ಕಣೇ. ಕಂಬಳಿ ಒಳಗೆ ಕೂತು ಓದ್ತಾರೆ, ಓದಿ ಪೇಪರು ಸುತ್ತಿ ಇಡ್ತಾರೆ. ನಮ್ಮ ಮೆಟ್ಟಿಲಲ್ಲಿ ಮೊನ್ನೆ ಡಾಕ್ಟರ ಹೆಂಡ್ತಿ ಕೈಲೂ ಇತ್ತು, ನನ್ನ ಕೈಲೂ ಇತ್ತು. ಇಬ್ರೂ ‘ಆಲೂಗಡ್ಡೆ ಬಂದಿದೆಯಂತೆ’ ಅಂದ್ಕೊಂಡು ಮೇಲೆ ಹತ್ತಿದ್ವಿ. ಥಿಯೇಟರಲ್ಲಿ ಹಾಗಲ್ಲ. ಪಕ್ಕದೋನು ನಗೋದು ಕೇಳ್ಸತ್ತೆ.”

“ಪಕ್ಕದೋನು ಬರ್ಕೊಳ್ತಾ ಇರೋದೂ ಕೇಳ್ಸತ್ತೆ.”

ಇಬ್ಬರೂ ನಕ್ಕುಬಿಟ್ಟರು. ಕೆಟಲ್ ಕುದಿಯಿತು. ಗಾಜಿನ ಲೋಟಕ್ಕೆ ಚಹಾ ಬಗ್ಗಿಸುತ್ತಾ ಒತೀಲಿಯಾ ತಲೆಯೆತ್ತದೆ ಹೇಳಿದಳು. “ಏನು ಬೇಕಾದ್ರೂ ಕತ್ತರಿಸ್ಕೊಳ್ಳಿ. ಬೇಕಿದ್ರೆ ರಾಕೆಟ್ಟೂ ಹಾಕ್ಸಿ. ಆ ಮೈ ನಡುಕ ಮಾತ್ರ ಹೋಗಬಾರದು. ಅದೊಂದನ್ನ ನೀನು ಕಾಯ್ತೀಯಾ ಅಂದ್ರೆ ಕೊಡ್ತೀನಿ. ಆ ಹುಡುಗನ ಮೇಲೆ ನಂಗೆ ನಂಬಿಕೆ ಇಲ್ಲ, ಅವನಿಗಿನ್ನೂ ದೊಡ್ಡವನಾಗೋ ಆಸೆ ಇದೆ. ನಿನ್ನ ಮೇಲಿದೆ.”

“ಕಾಯ್ತೀನಿ” ಅಂದಿದ್ದಳು ಇರ್ಮೀನಾ. ಅಷ್ಟು ಸಣ್ಣ ಮಾತು ಬಾಯಿಂದ ಬಿದ್ದಮೇಲೆ ಅದರ ಭಾರ ತಿಳಿಯಿತು. ಬದುಕಿನಲ್ಲಿ ಯಾರೂ ಅವಳನ್ನು ಏನನ್ನೂ ಕಾಯಲು ಕೇಳಿರಲಿಲ್ಲ. ಕತ್ತರಿಸಲು ಮಾತ್ರ ಕೇಳಿದ್ದರು.

ಚಿತ್ರೀಕರಣ ನಡೆದದ್ದು ಜನವರಿಯಲ್ಲಿ, ಬೀದಿಯಲ್ಲೇ. ಬೇರೆ ಗ್ರಹ ಕಟ್ಟಲು ಸೆವೆರಿನ್‌ನ ಬಳಿ ಮರವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ನಟರು ಹೂವಿನ ಹತ್ತಿ ಅಂಗಿಗಳಲ್ಲಿ ನಿಜವಾದ ಹಿಮದಲ್ಲಿ ನಿಂತರು. ಒಂದೊಂದು ಶಾಟಿನ ನಡುವೆ ಓಡಿಬಂದು ಕಂಬಳಿ ಸುತ್ತಿಕೊಂಡು ಬೈದರು. ರೀಲುಗಳು ಎಡಿಟಿಂಗ್ ಮೇಜಿನ ಮೇಲೆ ಬಂದಾಗ ಇರ್ಮೀನಾ ಮೊದಲು ಕಂಡದ್ದು ಮುಖಗಳನ್ನಲ್ಲ, ಹಬೆಯನ್ನು. ಎಲ್ಲರ ಬಾಯಿಂದಲೂ ಹಬೆ. “ಎಂಥಾ ಸುಂದರ ಬೇಸಿಗೆ!” ಎಂದು ನೆರೆಯವಳು ಹೇಳಿದರೆ ಆ ಮಾತಿನ ಒಂದೊಂದು ತುಂಡಿನ ಜೊತೆಗೂ ಬಿಳಿ ಉಸಿರು ಹೊರಗೆ ಬಂದು, ಗಾಳಿಯಲ್ಲಿ ಕ್ಷಣ ನಿಂತು, ಕರಗಿಹೋಗುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಒತೀಲಿಯಾ ನೂರಾರು ಪುಟಗಳಲ್ಲಿ ಓದುವವರ ಮೈಯೊಳಗೆ ಇಳಿಸಿದ್ದನ್ನು ಕ್ಯಾಮೆರಾ ಸುಮ್ಮನೆ ಕಂಡಿತ್ತು. ಇದು ಪುಸ್ತಕಕ್ಕಿಂತ ದೊಡ್ಡದೋ ಚಿಕ್ಕದೋ ಇರ್ಮೀನಾಳಿಗೆ ತಿಳಿಯಲಿಲ್ಲ. ಅದೇ ಸತ್ಯ ಬೇರೆ ಬಾಗಿಲಿಂದ ಬಂದಿತ್ತು.

ಆ ಊರಿನ ಸಿನಿಮಾದವರಿಗೆಲ್ಲ ಗೊತ್ತಿದ್ದ ಒಂದು ಉಪಾಯವಿತ್ತು. ಸಮಿತಿಯವರು ಏನನ್ನಾದರೂ ಕತ್ತರಿಸದೆ ಹೋಗುವವರಲ್ಲ. ಕತ್ತರಿಸದಿದ್ದರೆ ವಾರ್ಸಾದಲ್ಲಿ ಅವರನ್ನು ‘ಸಿನಿಮಾ ನೋಡಿದಿರಾ, ನಿದ್ದೆ ಹೊಡೆದಿರಾ’ ಎಂದು ಕೇಳುತ್ತಾರೆ. ಹಾಗಾಗಿ ಕತ್ತರಿಸಲೆಂದೇ ಒಂದು ದೃಶ್ಯವನ್ನು ಸೇರಿಸಿಡುವುದು. ಅದಕ್ಕೆ ‘ಕುರಿ’ ಎಂದು ಹೆಸರು. ಕುರಿ ದಪ್ಪಗಿರಬೇಕು, ಎದ್ದು ಕಾಣಬೇಕು. ಅವರು ಅದನ್ನು ಹಿಡಿದುಕೊಂಡು ತೃಪ್ತಿಯಿಂದ ಹೋದರೆ ಮಿಕ್ಕಿದ್ದು ಉಳಿಯುತ್ತದೆ. ‘ಘೋಷಿತ ಬೇಸಿಗೆ’ಯ ಕುರಿಯಾಗಿ ಸೆವೆರಿನ್ ಒಂದು ಮೆರವಣಿಗೆ ತೆಗೆದಿದ್ದ. ಬ್ಯಾಂಡು, ಬಾವುಟ, ಕಾಗದದ ಸೂರ್ಯಕಾಂತಿ ಹಿಡಿದ ಅಧಿಕಾರಿಗಳು. ಯಾವ ಕುರುಡನಿಗೂ ಕಾಣುವಂಥ ಅಣಕ.

“ಎಂಥಾ ಕುರಿ!” ಎಂದು ಅವನು ಎಡಿಟಿಂಗ್ ಮೇಜಿನ ಮುಂದೆ ಕೈ ಉಜ್ಜಿಕೊಂಡಿದ್ದ. “ಇದನ್ನ ಬಿಟ್ಟು ಬೇರೆ ಕಡೆ ಅವರ ಹಲ್ಲು ಹೋಗೋದೇ ಇಲ್ಲ ನೋಡಿ ಮೇಡಂ.”

ಸಮಿತಿಯವರು ಹನ್ನೊಂದರ ರೈಲಿಗೆ ಬಂದರು. ಅಧ್ಯಕ್ಷರು ದುಂಡು ಮುಖದ, ನಗುನಗುತ್ತಾ ಮಾತಾಡುವ ಮನುಷ್ಯ. ಜೊತೆಗೆ ಹಿಪೊಲಿತ್ ಎಂಬ ವಯಸ್ಸಾದ ಪ್ರೊಫೆಸರು, ನಡಾವಳಿ ಬರೆದುಕೊಳ್ಳಲು ಒಬ್ಬ ಹೆಣ್ಣುಮಗಳು. ಒತೀಲಿಯಾ ಆಗಲೇ ಬಂದು ಗೋಡೆಗೊರಗಿ ನಿಂತಿದ್ದಳು, ಪರೀಕ್ಷೆಯ ಕೋಣೆಯ ಹೊರಗಿನ ಹುಡುಗಿಯಂತೆ. ಚಿತ್ರದ ಒಂದು ತುಣುಕನ್ನೂ ಅವಳು ಅಲ್ಲಿಯತನಕ ನೋಡಿರಲಿಲ್ಲ. ನೋಡಲು ಒಪ್ಪಿರಲಿಲ್ಲ.

ಪ್ರೊಜೆಕ್ಷನ್ ಹಾಲಿನ ಹೊರಗೆ ಕೋಟು ಕಾಯುವ ಕಟ್ಟೆ. ಅದರ ಹಿಂದೆ ಪಾನಿ ಗೆನೊವೇಫಾ, ಅಂದರೆ ಅಲ್ಲಿಯ ಮಾತಿನಲ್ಲಿ ಶ್ರೀಮತಿ ಗೆನೊವೇಫಾ. ಕೋಟು ಬಿಚ್ಚಿ ಕೊಡದೆ ಒಳಗೆ ಹೋದವರನ್ನು ಆಕೆ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

“ಬಾಯ್ಲರ್ ಕೆಟ್ಟಿದೆ ಪಾನಿ ಗೆನೊವೇಫಾ, ಇವತ್ತೊಂದಿನ…” ಎಂದಳು ಇರ್ಮೀನಾ.

“ಬಾಯ್ಲರು ನನ್ನ ಕೆಲಸ ಅಲ್ಲ. ಕೋಟು ನನ್ನ ಕೆಲಸ. ಕೊಡಿ ಇಲ್ಲಿ.”

“ಬಾಯ್ಲರ್ ರಿಪೇರಿ ಆಗಿದೆ, ಬೆಳಿಗ್ಗೆನೇ ವರದಿ ಕಳಿಸಿದೀವಿ” ಎಂದ ಸ್ಟುಡಿಯೋದ ಉಪವ್ಯವಸ್ಥಾಪಕ ಗಡಿಬಿಡಿಯಿಂದ, ಅಧ್ಯಕ್ಷರ ಕಡೆ ನೋಡುತ್ತಾ. “ಇನ್ನೇನು ಬಿಸಿ ಏರತ್ತೆ.”

ಅಧ್ಯಕ್ಷರು ಸಭ್ಯರು. ತಮ್ಮ ಭಾರಿ ಕೋಟನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು, ಹಾಲಿನೊಳಗೆ ಕಾಲಿಟ್ಟು, “ಇಲ್ಲಿ ಹಿತವಾಗಿದೆ” ಎಂದರು. ಅಲ್ಲಿಗೆ ಮುಗಿಯಿತು. ಅಧ್ಯಕ್ಷರಿಗೆ ಹಿತವಾಗಿದ್ದ ಕಡೆ ಕೋಟು ಕೇಳುವವರು ಯಾರು? ಎಲ್ಲರೂ ಬರೀ ಅಂಗಿಯಲ್ಲಿ ಕೂತರು. ದೀಪ ಆರಿತು.

ಇರ್ಮೀನಾ ಪರದೆಯನ್ನು ನೋಡಲಿಲ್ಲ. ಅವಳಿಗದು ಬಾಯಿಪಾಠ. ಅವಳು ಒತೀಲಿಯಾಳ ಮುಖದ ಒಂದು ಮಗ್ಗುಲನ್ನು ನೋಡುತ್ತಿದ್ದಳು. ಮೊದಲ ರೀಲಿನಲ್ಲಿ ಆ ಮುಖ ಬಿಗಿದುಕೊಂಡಿತ್ತು. ಇಲಾಖೆಯ ಕಟ್ಟಡ ಬಂದಿತು. ಸೆವೆರಿನ್ ಅದರ ಹೊರಗೋಡೆ ತೋರಿಸದೆ ಬಾಗಿಲ ಹಿಡಿಯೊಂದನ್ನೇ ತೋರಿಸಿದ್ದ, ಅದೆಷ್ಟೋ ಕೈಗಳು ಸವೆಸಿದ ಹಿತ್ತಾಳೆಯ ಹಿಡಿ. ಒತೀಲಿಯಾಳ ಹುಬ್ಬು ಕೊಂಚ ಮೇಲೇರಿತು. ಐಸ್‌ಕ್ರೀಮಿನ ಸಾಲು ಬಂದಾಗ ಅವಳು ಮುಂದಕ್ಕೆ ಬಾಗಿದಳು.

ಆಗ ಇರ್ಮೀನಾ ಇನ್ನೊಂದನ್ನು ಕಂಡಳು. ಪ್ರೊಜೆಕ್ಟರಿನ ಬೆಳಕಿನ ಕೋಲು ತಲೆಗಳ ಮೇಲೆ ಹಾದು ಪರದೆಗೆ ಹೋಗುತ್ತಿತ್ತಲ್ಲ, ಅದರೊಳಕ್ಕೆ ಕೆಳಗಿನಿಂದ ಬಿಳಿ ಹಬೆ ಏಳುತ್ತಿತ್ತು. ಅಧ್ಯಕ್ಷರದ್ದು, ಪ್ರೊಫೆಸರದ್ದು, ನಡಾವಳಿಯವಳದ್ದು. ಪರದೆಯ ಮೇಲೆ ಸಾಲಿನಲ್ಲಿ ನಿಂತವರ ಉಸಿರೂ ಕೆಳಗೆ ಸಾಲಿನಲ್ಲಿ ಕೂತವರ ಉಸಿರೂ ಒಂದೇ ಬೆಳಕಿನಲ್ಲಿ ಸುತ್ತಿಕೊಂಡವು. ಪ್ರೊಫೆಸರ್ ಹಿಪೊಲಿತ್ ತಲೆಯೆತ್ತಿ ಅದನ್ನು ನೋಡಿದರು. ಅವರ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮಿರಬಹುದು. ಕೆಮ್ಮಲ್ಲವೆಂದು ಇರ್ಮೀನಾಳಿಗೆ ಅನ್ನಿಸಿತು.

ದೀಪ ಹತ್ತಿತು. ಅಧ್ಯಕ್ಷರು ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡಿದ್ದರು.

“ಅಭಿನಂದನೆ” ಎಂದರು. “ಮೆರವಣಿಗೆ ಬಹಳ ಚೆನ್ನಾಗಿದೆ. ಉತ್ಸಾಹ ಇದೆ, ಜನ ಇದಾರೆ. ಅದನ್ನ ಸ್ವಲ್ಪ ಉದ್ದ ಮಾಡಿದ್ರೂ ಆಗತ್ತೆ.”

ಕುರಿಯನ್ನು ಯಾರೂ ಮುಟ್ಟಲಿಲ್ಲ. ಮುಟ್ಟದಿದ್ದದ್ದಷ್ಟೇ ಅಲ್ಲ, ಅದರ ಬೆನ್ನು ಸವರಿ ಹೋದರು! ಬೇರೆ ದಿನವಾಗಿದ್ದರೆ ಇರ್ಮೀನಾ ಬಿದ್ದು ಬಿದ್ದು ನಗುತ್ತಿದ್ದಳು.

“ಒಂದೇ ಒಂದು ವಿಷಯ” ಎಂದು ಅಧ್ಯಕ್ಷರು ಮುಂದುವರಿಸಿದರು. “ತಾಂತ್ರಿಕ ದೋಷ. ಕಥೆ ನಡೆಯೋದು ಬೇಸಿಗೇಲಿ. ನಟರ ಬಾಯಿಂದ… ಏನದು… ಆವಿ ಬರ್ತಿದೆ. ನೋಡೋರಿಗೆ ಗೊಂದಲ ಆಗತ್ತೆ.”

“ಅದೇ ಕಥೆ, ಕಾಮ್ರೇಡ್ ಅಧ್ಯಕ್ಷರೇ” ಎಂದಳು ಒತೀಲಿಯಾ.

“ಪುಸ್ತಕದಲ್ಲಿ ಹಾಗಿಲ್ಲವಲ್ಲ ಮೇಡಂ. ನಾನು ಓದಿದೀನಿ. ನನ್ನ ಮಗಳಿಗೂ ಓದೋಕೆ ಕೊಟ್ಟಿದೀನಿ. ಎಲ್ಲೂ ಆವಿ ಗೀವಿ ಇಲ್ಲ.” ಅವರ ನಗು ನಿಜವಾಗಿಯೂ ಸ್ನೇಹದ್ದಾಗಿತ್ತು. “ಪುಸ್ತಕ ಪುಸ್ತಕ. ಒಬ್ಬೊಬ್ಬರು ಒಂದೊಂದು ತರ ತಿಳ್ಕೋತಾರೆ. ಸಿನಿಮಾ ಸ್ಪಷ್ಟ ಇರಬೇಕು.” ಎಡಿಟರ್ ಕಡೆ ತಿರುಗಿದರು. “ಇದನ್ನ ತೆಗೆಯೋಕೆ ಆಗತ್ತಾ?”

“ತೆಗೆದ್ರೆ ಟೈಟಲ್ ಕಾರ್ಡ್ ಒಂದೇ ಉಳಿಯೋದು” ಎಂದಳು ಇರ್ಮೀನಾ.

“ಹಾಗಾದ್ರೆ ಸುಲಭದ ದಾರಿ ಇದೆ. ಮತ್ತೆ ಚಿತ್ರೀಕರಣ ಮಾಡಿ. ಜುಲೈ ತಿಂಗಳಲ್ಲಿ. ಅದೇ ಬೀದಿ, ಅದೇ ನಟರು, ಅದೇ ಮಾತು. ಒಂದಕ್ಷರ ಬದಲಾಯಿಸೋದು ಬೇಡ. ಹಣ ನಾನು ಮಂಜೂರು ಮಾಡಿಸ್ತೀನಿ. ಶರತ್ಕಾಲದ ಹೊತ್ತಿಗೆ ದೇಶದ ಎಲ್ಲ ಥಿಯೇಟರಲ್ಲೂ ಬಿಡುಗಡೆ.”

ಇರ್ಮೀನಾಳಿಗೆ ಆಗ ಹೊಳೆಯಿತು. ಈ ಮನುಷ್ಯ ದಡ್ಡನಲ್ಲ. ಇಷ್ಟು ವರ್ಷ ತಾನು ಕಂಡ ಸಮಿತಿಗಳೆಲ್ಲ ಕತ್ತರಿ ಹಿಡಿದು ಬರುತ್ತಿದ್ದವು. ಈತ ಬರಿಗೈಯಲ್ಲಿ ಬಂದು ಸೂರ್ಯನನ್ನೇ ಕೊಟ್ಟುಹೋಗುತ್ತಿದ್ದಾನೆ. ಜುಲೈ ಬಿಸಿಲಲ್ಲಿ ಅದೇ ನೆರೆಯವಳು ಹೂವಿನ ಅಂಗಿ ತೊಟ್ಟು “ಎಂಥಾ ಸುಂದರ ಬೇಸಿಗೆ!” ಎನ್ನುತ್ತಾಳೆ. ಅದು ನಿಜವಾಗಿಬಿಡುತ್ತದೆ. ಇಲಾಖೆ ಹೇಳಿದ್ದೇ ಸರಿಯಾಗುತ್ತದೆ. ಮಗಳ ಲಂಗಕ್ಕೆ ಉಣ್ಣೆ ಹೊಲಿಯುವ ತಾಯಿ ತಲೆಕೆಟ್ಟವಳಾಗುತ್ತಾಳೆ. ಒಂದಕ್ಷರ ಬದಲಾಗದೆ ಇಡೀ ಪುಸ್ತಕ ಒಳಹೊರಗಾಗುತ್ತದೆ. ಅಕ್ಷರಕ್ಕೆ ಹೀಗೆ ಮಾಡಲು ಯಾರಿಗೂ ಸಾಧ್ಯವಿಲ್ಲ. ಚಿತ್ರಕ್ಕೆ ಸಾಧ್ಯ. ಅದು ಕಂಡದ್ದನ್ನೇ ಹೇಳುವುದರಿಂದ, ಕಾಣುವುದನ್ನು ಬದಲಾಯಿಸಿದರೆ ಸಾಕು.

ಸೆವೆರಿನ್‌ನ ಕುತ್ತಿಗೆ ಮೆಲ್ಲಗೆ ಅಲ್ಲಾಡಿತು. ಹೌದೆನ್ನುವ ದಿಕ್ಕಿನಲ್ಲಿ. ಅವನ ಮೊದಲ ಚಿತ್ರ ಅದು. ಇರ್ಮೀನಾ ಅವನನ್ನು ದೂರಲಾರಳು. ಒತೀಲಿಯಾ ಮಾತ್ರ ಯಾರನ್ನೂ ನೋಡದೆ ಖಾಲಿ ಪರದೆಯನ್ನೇ ನೋಡುತ್ತಿದ್ದಳು. ಅವಳು ಇರ್ಮೀನಾಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಿತ್ತು.

“ಬರ್ಕೊಳಮ್ಮ” ಎಂದರು ಅಧ್ಯಕ್ಷರು ನಡಾವಳಿಯವಳಿಗೆ. “ಬೇಸಿಗೆಯ ದೃಶ್ಯಗಳಲ್ಲಿ ತಾಂತ್ರಿಕ ದೋಷ ಕಂಡುಬಂದಿದೆ. ಎಡಿಟರ್ ದೃಢಪಡಿಸಿದ್ದಾರೆ. ಅಲ್ವಾ ಮೇಡಂ?”

ಎಡಿಟರ್ ದೃಢಪಡಿಸದೆ ದೋಷವಾಗುವುದಿಲ್ಲ, ದೋಷವಾಗದೆ ಮರುಚಿತ್ರೀಕರಣಕ್ಕೆ ಹಣ ಬರುವುದಿಲ್ಲ. ಅದು ಅಲ್ಲಿನ ಪದ್ಧತಿ. ಎಷ್ಟೋ ಚಿತ್ರಗಳಿಗೆ ಅವಳು ತಲೆಯಾಡಿಸಿದ್ದಳು. ತಲೆಯಾಡಿಸಲು ಹೆಚ್ಚಿನ ಶ್ರಮವೇನೂ ಬೇಕಾಗುವುದಿಲ್ಲ.

“ಅದು ದೋಷ ಅಲ್ಲ” ಎಂದಳು ಇರ್ಮೀನಾ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. “ಚಳಿ.”

ನಡಾವಳಿಯವಳ ಪೆನ್ನು ನಿಂತಿತು.

“ಏನಂದ್ರಿ?” ಎಂದರು ಅಧ್ಯಕ್ಷರು.

“ಚಳಿ ಇತ್ತು ಅಂದೆ. ಜನವರೀಲಿ ತೆಗೆದದ್ದು, ಚಳಿ ಇತ್ತು, ಅದಕ್ಕೆ ಉಸಿರು ಕಾಣ್ಸತ್ತೆ. ಕ್ಯಾಮೆರಾ ಸರಿಯಾಗಿದೆ, ಲೆನ್ಸ್ ಸರಿಯಾಗಿದೆ, ಫಿಲ್ಮ್ ಸರಿಯಾಗಿದೆ. ನಾನು ಯಾವ ದೋಷಾನೂ ದೃಢಪಡಿಸಲ್ಲ.” ಮಾತಿನ ಜೊತೆ ತನ್ನ ಬಾಯಿಂದಲೂ ಹಬೆ ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಹಿಂದೆ ಸರಿಯಲು ಇನ್ನು ಜಾಗವಿರಲಿಲ್ಲ. “ಇಲ್ಲೂ ಚಳಿ ಇದೆ, ಕಾಮ್ರೇಡ್. ನಿಮ್ಮ ಬಾಯಿಂದಲೂ ಬರ್ತಿದೆ.”

ಉಪವ್ಯವಸ್ಥಾಪಕ ಗೋಡೆಯ ರೇಡಿಯೇಟರ್ ಕಡೆ ಬೇಡುವವನಂತೆ ನೋಡಿದ. ಅಧ್ಯಕ್ಷರು ಏನೋ ಹೇಳಲು ಹೊರಟು, ಬಾಯಿ ತೆರೆದರೆ ಏನು ಕಾಣುತ್ತದೆಂದು ನೆನಪಾಗಿ ಮುಚ್ಚಿದರು.

ಪ್ರೊಫೆಸರ್ ಹಿಪೊಲಿತ್ ಕುರ್ಚಿಯ ಹಿಡಿ ಊರಿಕೊಂಡು ಎದ್ದರು. “ಕ್ಷಮಿಸಿ. ನಂಗೆ ವಯಸ್ಸಾಯ್ತು. ಒಂದು ಗಂಟೆಯಿಂದ ನಂಗೆ ವಿಪರೀತ ಚಳಿ ಆಗ್ತಿದೆ.” ನಿಧಾನವಾಗಿ ನಡೆದು ಬಾಗಿಲು ತೆಗೆದರು. ಹೊರಗಿನಿಂದ ಅವರ ದನಿ ಕೇಳಿಸಿತು. “ನನ್ನ ಕೋಟು ಕೊಡಮ್ಮಾ.”

“ಇನ್ನೂ ಮುಗಿದಿಲ್ವಲ್ಲ?” ಅದು ಪಾನಿ ಗೆನೊವೇಫಾ.

“ಮುಗಿದಿಲ್ಲ. ಆದ್ರೂ ಕೊಡು.”

ಆಮೇಲೆ ನಡಾವಳಿಯ ಹೆಣ್ಣುಮಗಳು ಪೆನ್ನು ಮುಚ್ಚಿಟ್ಟು ಎದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಉಪವ್ಯವಸ್ಥಾಪಕ ಎದ್ದ. ಪ್ರೊಜೆಕ್ಟರ್ ನಡೆಸುವವನು ಮೇಲಿನ ಕಿಂಡಿಯಿಂದ ಇಣುಕಿ, ಎಲ್ಲರೂ ಹೋಗುವುದನ್ನು ನೋಡಿ ತಾನೂ ಇಳಿದುಬಂದ. ಕೊನೆಗೆ ಸೆವೆರಿನ್ ಎದ್ದ. ಇರ್ಮೀನಾಳ ಪಕ್ಕ ಹಾದುಹೋಗುವಾಗ ಒಂದು ಕ್ಷಣ ನಿಂತ.

“ಜುಲೈನಲ್ಲಿ ತೆಗೆದಿದ್ರೆ ಜನ ನೋಡ್ತಿದ್ರು” ಎಂದ. ಕಣ್ಣಲ್ಲಿ ನೀರಿತ್ತು.

“ಏನನ್ನ ನೋಡ್ತಿದ್ರು ಮಗಾ?”

ಅವನು ಹೋಗಿ ತನ್ನ ಕೋಟಿನ ಜೊತೆಗೆ ಇಬ್ಬರು ಹೆಂಗಸರ ಕೋಟುಗಳನ್ನೂ ತಂದುಕೊಟ್ಟ.

ಅಧ್ಯಕ್ಷರು ಮಾತ್ರ ಅಂಗಿಯಲ್ಲೇ ಕೂತಿದ್ದರು. ಕೋಟು ತೊಟ್ಟು ಮರಳಿ ಬಂದು ಕೂತ ಜನರ ನಡುವೆ ಅವರು ಆ ಚಿತ್ರದಿಂದ ಇಳಿದುಬಂದ ನಟನಂತೆ ಕಾಣುತ್ತಿದ್ದರು. ಮರುಚಿತ್ರೀಕರಣದ ಮಾತು ಮತ್ತೆ ಬರಲಿಲ್ಲ. ಚಿತ್ರವನ್ನು ಸದ್ಯಕ್ಕೆ ಹಾಗೇ ಇಡುವುದು, ಮುಂದಿನ ತೀರ್ಮಾನ ಮುಂದೆ, ಎಂದು ಅವರು ಚುಟುಕಾಗಿ ಹೇಳಿದರು. ಸದ್ಯಕ್ಕೆ ಇಡುವುದು ಎಂದರೆ ಉಗ್ರಾಣದ ಕಪಾಟು. ಅಲ್ಲಿಂದ ಮರಳಿದ ಚಿತ್ರಗಳು ಕಡಿಮೆ. ಹೊರಡುವಾಗ ಅವರು ಇರ್ಮೀನಾಳ ಹೆಸರನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡರು.

ಸ್ಟುಡಿಯೋದ ಪಕ್ಕದ ಬೀದಿಯಲ್ಲಿ ಅಗ್ಗದ ಊಟದ ಕ್ಯಾಂಟೀನು. ಹುಳಿ ಹಿಟ್ಟಿನ ಸೂಪು, ಆಲೂಗಡ್ಡೆ ತುಂಬಿದ ಕಡುಬು. ಕಡುಬು ಮುಗಿದಿತ್ತು. ಇಬ್ಬರೂ ಸೂಪಿನ ಬಟ್ಟಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಎದುರುಬದುರು ಕೂತರು.

“ನಿನ್ನ ಪುಸ್ತಕದ ಸಿನಿಮಾನ ನಾನೇ ಕಪಾಟಿಗೆ ಕಳಿಸ್ದೆ” ಎಂದಳು ಇರ್ಮೀನಾ.

“ಮೊದ್ಲು ಕುಡಿ.”

“ಇನ್ನು ನಂಗೆ ಕೆಲಸಾನೂ ಕೊಡಲ್ಲ ಅವ್ರು. ವಾರ್ತಾಚಿತ್ರದ ಬೀಟ್‌ರೂಟ್ ಫಸಲು ಅಂಟಿಸ್ಕೊಂಡು ಕೂತಿರಬೇಕು.”

“ಬೀಟ್‌ರೂಟೂ ಚೆನ್ನಾಗಿ ಅಂಟಿಸ್ತೀಯ ಬಿಡು.” ಒತೀಲಿಯಾ ಚಮಚವನ್ನು ಕೆಳಗಿಟ್ಟಳು. “ಆ ಮಗು… ಸಿನಿಮಾದ ಕೊನೇಲಿ. ಅಮ್ಮನ ತೊಡೆ ಮೇಲೆ ಕೂತು ಅವಳ ಮುಖಕ್ಕೆ ಹಾ ಅಂತ ಉಸಿರು ಬಿಟ್ಟು, ಕೈಯಲ್ಲಿ ಆ ಹಬೆ ಹಿಡಿಯೋಕೆ ಹೋಗತ್ತಲ್ಲ. ಅದು ನನ್ನ ಪುಸ್ತಕದಲ್ಲಿಲ್ಲ.”

“ಅದು ಸೆವೆರಿನ್ ತೆಗೆದಿದ್ದೂ ಅಲ್ಲ. ಶಾಟ್ ಮುಗಿದಿತ್ತು, ಕ್ಯಾಮೆರಾ ನಿಲ್ಸೋದು ಮರೆತಿದ್ರು. ಮಗು ಪಾಡಿಗೆ ಮಗು ಆಡ್ಕೊಳ್ತಿತ್ತು. ಬಿಸಾಡೋ ತುಂಡುಗಳ ಚೀಲದಲ್ಲಿ ಸಿಕ್ತು ನಂಗೆ.”

ಹೊಗಳುವುದು ಒತೀಲಿಯಾಳಿಗೆ ಬಾರದ ವಿದ್ಯೆ. ಶಾಲೆಯಲ್ಲಿ ಅತ್ಯುತ್ತಮ ಉತ್ತರ ಬರೆದವರಿಗೂ “ಪರವಾಗಿಲ್ಲ” ಎಂದೇ ಬರೆಯುವವಳು.

“ನಾನು ಆರು ವರ್ಷ ಬರ್ದೆ ಆ ಪುಸ್ತಕಾನ” ಎಂದಳು. “ಆ ಮಗೂನ ಕಂಡುಹಿಡಿಯೋಕೆ ನಂಗಾಗ್ಲಿಲ್ಲ. ಹೆದರಿಕೆ ಬರೆಯೋದು ಗೊತ್ತಿತ್ತು. ಹೆದರಿಕೆಯನ್ನೇ ಆಟದ ಸಾಮಾನು ಮಾಡ್ಕೊಂಡ ಮಗು ಗೊತ್ತಿರ್ಲಿಲ್ಲ. ಮತ್ತೆ ಇನ್ನೊಂದು. ನನ್ನ ಪುಸ್ತಕ ಓದಿ ಎಷ್ಟೋ ಜನ ಶಾಲು ಹೊದ್ಕೊಂಡಿರಬಹುದು, ನಿನ್ನ ಹಾಗೆ. ಎದ್ದು ಬಾಗಿಲು ತೆಗೆದು ‘ನನ್ನ ಕೋಟು ಕೊಡಿ’ ಅಂದೋರು ಒಬ್ಬರೂ ಇಲ್ಲ. ಇವತ್ತು ಕಣ್ಣಾರೆ ನೋಡ್ದೆ.”

“ನಿನ್ನ ಪುಸ್ತಕ ಇಲ್ದೆ ಹೋಗಿದ್ರೆ ನಂಗೆ ಆ ಮಾತು ಬಾಯಿಗೆ ಬರ್ತಿರ್ಲಿಲ್ಲ ಕಣೇ. ಅಷ್ಟು ಪುಟ ಯಾರೂ ಹೇಳದೆ ಉಳಿಸಿದ ಮಾತು ಅದು. ಎಲ್ಲೋ ಕೂತು ಕಾಯ್ತಾ ಇತ್ತು.”

ಹೊರಗೆ ಟ್ರಾಮಿನ ನಿಲ್ದಾಣದಲ್ಲಿ ಉದ್ದ ಸಾಲು. ಟ್ರಾಮಿನ ಸುಳಿವಿಲ್ಲ. ಜನ ಕೊರಳಪಟ್ಟಿ ಎತ್ತಿಕೊಂಡು, ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು, ಹಳಿಯ ಕಡೆ ನೋಡುತ್ತಾ ಸುಮ್ಮನೆ ನಿಂತಿದ್ದರು. ಇಬ್ಬರೂ ಹೋಗಿ ಕೊನೆಯಲ್ಲಿ ನಿಂತರು. ಒತೀಲಿಯಾ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು, ಮೂಗು ಒರೆಸಿಕೊಂಡಳು. ಈಗ ಗಾಳಿ ಜಾಸ್ತಿ ಎನ್ನುತ್ತಾಳೆಂದು ಇರ್ಮೀನಾ ಕಾದಳು.

“ಅಬ್ಬಾ” ಎಂದಳು ಒತೀಲಿಯಾ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ. “ಎಂಥಾ ಚಳಿ!”

ಮುಂದಿದ್ದ ಹೆಂಗಸು ತಿರುಗಿದಳು. ಕೈಯಲ್ಲಿ ಎಲೆಕೋಸು. “ಕೇಳ್ಬೇಡಿ. ನಮ್ಮ ಬಿಲ್ಡಿಂಗಲ್ಲಿ ಮೂರು ದಿನದಿಂದ ಪೈಪು ತಣ್ಣಗಿದೆ. ಮಕ್ಕಳನ್ನ ಕೋಟಲ್ಲೇ ಮಲಗಿಸ್ತಿದೀನಿ.”

“ನಿಮ್ದು ಮೂರು ದಿನ. ನಮ್ದು ಒಂದು ವಾರ” ಎಂದ ಅವಳ ಮುಂದಿದ್ದವನು.

“ಪೇಪರಲ್ಲಿ ಎಲ್ಲಾ ಸರಿಯಾಗಿದೆ ಅಂತ ಹಾಕಿದಾರಲ್ಲ?”

“ಹಾಗಾದ್ರೆ ಪೇಪರೇ ಉರಿಸ್ಕೊಳಿ. ಸ್ವಲ್ಪ ಬೆಚ್ಚಗಾದೀತು.”

ಯಾರೋ ನಕ್ಕರು. ನಗು ಮುಂದಕ್ಕೆ ಹೋಯಿತು. ಸಾಲಿನ ಆ ತುದಿಯಲ್ಲಿ ಮಾತು ಕೇಳಿಸದವರು ತಿರುಗಿ ಏನಾಯಿತೆಂದು ಕೇಳಿದರು. ಹಿಂದಿದ್ದವರು ಹೇಳಿದರು. ಇರ್ಮೀನಾ ಮಾತಿಗೆ ಸೇರಲಿಲ್ಲ. ಅವಳು ಸಾಲಿನ ಮೇಲೆ, ತಲೆಗಳಿಗಿಂತ ಒಂದು ಗೇಣು ಎತ್ತರದಲ್ಲಿ, ಒಬ್ಬರದು ಇನ್ನೊಬ್ಬರದರೊಳಗೆ ಬೆರೆಯುತ್ತಿದ್ದ ಬಿಳಿ ಉಸಿರನ್ನು ನೋಡುತ್ತಾ ನಿಂತಳು. ಕತ್ತರಿ ಹಾಕಬೇಕಾದ ಜಾಗ ಎಲ್ಲೂ ಕಾಣಲಿಲ್ಲ.